ಹೊಸ ಬೀಗ

ಡೈನರ್ ಎಂಬ ಆ ರಸ್ತೆಬದಿಯ ಹೋಟೆಲಿನ ಕ್ರಯಪತ್ರಗಳಿಗೆ ಸಹಿ ಬಿದ್ದ ಮಧ್ಯಾಹ್ನವೇ ವಾಲ್ಟ್ ಸೋಬೆಕ್ ಅದರ ಬಾಗಿಲಿನ ಬೀಗ ಬದಲಾಯಿಸಿದ. ಒಲೆ ಹಚ್ಚಿ ನೋಡಲಿಲ್ಲ, ಗಲ್ಲಾಪೆಟ್ಟಿಗೆ ತೆರೆದು ನೋಡಲಿಲ್ಲ, ಮೊದಲು ಬೀಗ. ಅವನ ಹೆಂಡತಿ ಇರ್ಮಾ ಪಕ್ಕದಲ್ಲಿ ನಿಂತು, ಅವನು ಬಿಚ್ಚಿ ಕೊಟ್ಟ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಅಕ್ಟೋಬರಿನ ಗಾಳಿ ಬೆಟ್ಟದ ಕಡೆಯಿಂದ ಬೀಸಿ ರಸ್ತೆಯ ಎಲೆಗಳನ್ನೆಲ್ಲ ಮೆಟ್ಟಿಲ ಬುಡಕ್ಕೆ ತಂದು ಗುಡ್ಡೆ ಹಾಕುತ್ತಿತ್ತು.

"ಇರೋ ಬೀಗಕ್ಕೇನಾಗಿದೆ? ಬೆಣ್ಣೆ ಹಾಗೆ ತಿರುಗ್ತಿದೆಯಲ್ಲ," ಎಂದಳು ಇರ್ಮಾ.

"ಇದರ ಬೀಗದ ಕೈ ಯಾರ್ಯಾರ ಹತ್ರ ಇದೆಯೋ ಯಾರಿಗ್ಗೊತ್ತು? ನಮ್ಮದು ಅಂದ್ಮೇಲೆ ಬೀಗಾನೂ ನಮ್ಮದೇ ಇರ್ಬೇಕು."

ಹಳೆಯ ಹಿತ್ತಾಳೆಯ ಬೀಗ ಅವನ ಸಲಕರಣೆಯ ಡಬ್ಬಿಗೆ ಠಣ್ಣೆಂದು ಬಿತ್ತು. ಕಾರಿನೊಳಗೆ ಮೊಣಕಾಲಿಗೆ ಕಂಬಳಿ ಹೊದ್ದು ಕೂತಿದ್ದ ವಾಲ್ಟನ ತಾಯಿ ವೆರೋನಿಕಾ ಗಾಜು ಇಳಿಸಿ, "ಆಯ್ತೇನ್ರೋ? ಅಲ್ಲಿ ಬಾಗಿಲು ತೆಗೆಯೋ ಹೊತ್ತಿಗೆ ಇಲ್ಲಿ ನನ್ನ ಬಾಗಿಲು ಮುಚ್ಚತ್ತೆ," ಎಂದು ಕೂಗಿದಳು. ಅವಳಿಗೆ ಎಂಬತ್ತು ದಾಟಿತ್ತು.

ಡೈನರ್ ಹೊರಗಿನಿಂದ ನೋಡಿದರೆ ರೈಲಿನ ಡಬ್ಬಿಯ ಹಾಗಿತ್ತು: ಉದ್ದಕ್ಕೆ, ಬಾಗಿದ ಸೂರು, ಸುತ್ತಲೂ ಉಕ್ಕಿನ ತಗಡು. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಕಾರ್ಖಾನೆಯಲ್ಲಿ ಇಡಿಯಾಗಿ ಮಾಡಿ ಲಾರಿಯ ಮೇಲೆ ಟ್ಯಾನರ್ಸ್ ಗ್ಯಾಪ್ ಎಂಬ ಈ ಊರಿಗೆ ತಂದಿಳಿಸಿದ್ದು. ಒಳಗೆ ಒಂದು ಉದ್ದನೆಯ ಕಟ್ಟೆ, ಅದರ ಮುಂದೆ ಕೆಂಪು ಸ್ಟೂಲುಗಳು, ಕಿಟಕಿಯ ಉದ್ದಕ್ಕೂ ಎದುರುಬದುರು ಬೆಂಚುಗಳು. ಮೂವತ್ತು ವರ್ಷ ನಡೆಸಿದ ಹೆರಾಲ್ಡ್ ಯೋಸ್ಟ್ ಉಬ್ಬಸ ತಾಳಲಾರದೆ ಅದನ್ನು ಮಾರಿ ಮಗಳಿರುವ ಅರಿಜೋನಾಕ್ಕೆ ಹೊರಟುಹೋಗಿದ್ದ. ಹೋಗುವಾಗ ವಾಲ್ಟನ ಕೈ ಕುಲುಕಿ, "ಬೆಳಗಿನ ಹೊತ್ತು ನೋಡ್ಕೋ. ಬೆಳಗಿನವರು ನಿನ್ನ ಖರ್ಚು ಹುಟ್ಟಿಸ್ತಾರೆ. ಆಮೇಲೆ ಬರೋ ದುಡ್ಡೆಲ್ಲ ನಿನ್ನ ಊಟಕ್ಕೆ," ಎಂದಿದ್ದ. ಅದಕ್ಕಿಂತ ಹೆಚ್ಚಿಗೆ ಏನೂ ಹೇಳಿರಲಿಲ್ಲ.

ವಾಲ್ಟ್ ತಂತಿಹಗ್ಗದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಎರಡು ವರ್ಷದ ಹಿಂದೆ ಅದು ಮುಚ್ಚಿತು. ಆಮೇಲೆ ಅವನು ಬೇರೆಯವರ ಕೈಕೆಳಗೆ ಇನ್ನು ಕೆಲಸ ಮಾಡುವುದಿಲ್ಲ ಎಂದು ಹಟ ಹಿಡಿದ. ಡೈನರಿಗಾಗಿ ಚರ್ಚ್ ಬೀದಿಯ ಮನೆ ಮಾರಿದರು. ಇರ್ಮಾ ಶಾಲೆಯ ಅಡುಗೆಮನೆಯ ಕೆಲಸ ಬಿಟ್ಟಳು. ಗಂಡ, ಹೆಂಡತಿ, ಇಪ್ಪತ್ತನಾಲ್ಕರ ಮಗಳು ಮಾರ್ಸಿ, ಮೂವರೂ ವೆರೋನಿಕಾಳ ಇಕ್ಕಟ್ಟಿನ ಮನೆಗೆ ಬಂದು ಸೇರಿದರು. ಡೈನರ್ ಕೈಹಿಡಿಯದಿದ್ದರೆ ಹಿಂತಿರುಗಿ ಹೋಗಲು ಅವರಿಗೊಂದು ಬಾಗಿಲಿರಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಊಟಕ್ಕೆ ಕೂತಾಗಲೆಲ್ಲ ಅದೂ ಒಂದು ಕುರ್ಚಿ ಎಳೆದುಕೊಂಡು ಕೂರುತ್ತಿತ್ತು.

ಮೊದಲ ದಿನ ಬೆಳಕು ಹರಿಯುವ ಮುಂಚೆ ಮೂವರೂ ಡೈನರಿಗೆ ಹೋದರು. ಅಂಗಳದ ಜಲ್ಲಿಯ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದರ ಮೇಲೆ ಆಗಲೇ ಚಕ್ರದ ಗುರುತುಗಳು. ಬಾಗಿಲವರೆಗೆ ಬೂಟಿನ ಹೆಜ್ಜೆಗಳು ಹೋಗಿ, ಅಲ್ಲೇ ಸುತ್ತಾಡಿ, ಹಿಂದಕ್ಕೆ ಬಂದಿದ್ದವು.

"ಯಾರೋ ಬಂದು ಹೋಗಿದ್ದಾರೆ," ಎಂದಳು ಇರ್ಮಾ.

"ಲಾರಿಯವರು ಯಾರೋ ತಿರುಗಿಸ್ಕೊಂಡಿರ್ತಾರೆ. ನೋಡಿದ್ಯಾ, ಅದಕ್ಕೇ ಬೀಗ ಹಾಕಿದ್ದು."

ಅವಳು ಆಲೂಗಡ್ಡೆ ಹೆಚ್ಚಿದಳು, ವಾಲ್ಟ್ ಕಾವಲಿ ಕಾಯಿಸಿದ, ಮಾರ್ಸಿ ಕೂದಲಿಗೆ ರಿಬ್ಬನ್ ಕಟ್ಟಿಕೊಂಡು ಕಾಫಿಯ ಹಂಡೆಯ ಪಕ್ಕ ನಿಂತಳು. ಬೆಳಕಾಯಿತು. ಬಂದದ್ದು ಒಬ್ಬ ಅಂಚೆಯವನು, ಅದೂ ಪತ್ರ ಕೊಡಲು.

*

ಮಧ್ಯಾಹ್ನ ಪರವಾಗಿರಲಿಲ್ಲ. ಬ್ಯಾಂಕಿನ ಹೆಂಗಸರು ಸೂಪಿಗೆ ಬರುತ್ತಿದ್ದರು, ಶನಿವಾರ ಸಂಸಾರಸ್ಥರು ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದರು. ಇರ್ಮಾ ಮಾಡಿದ ಸೇಬಿನ ಪೈ ಸಂಜೆಯವರೆಗೆ ಉಳಿಯುತ್ತಿರಲಿಲ್ಲ. ಆದರೆ ಬೆಳಗಿನ ಹೊತ್ತು ಕೆಂಪು ಸ್ಟೂಲುಗಳು ಖಾಲಿ. ನವೆಂಬರ್ ಹೋಯಿತು, ಖಾಲಿ. ಕ್ರಿಸ್ಮಸ್ ಬಂತು, ಖಾಲಿ.

ವಾಲ್ಟ್ ಮಾಡದ ಪ್ರಯತ್ನವಿಲ್ಲ. ಕಾಫಿಪುಡಿ ಬದಲಾಯಿಸಿದ. ದಪ್ಪ ಹಂದಿಮಾಂಸದ ಪಟ್ಟಿ ತರಿಸಿದ. ಮೊಟ್ಟೆಯ ಬೆಲೆ ಇಳಿಸಿದ. ಸೂರಿನ ಮೇಲೆ 'ಹೊಸ ಮಾಲೀಕರು' ಎಂದು ಬಟ್ಟೆಯ ಫಲಕ ಕಟ್ಟಿದ.

"ಅಪ್ಪ, ಅದನ್ನ ನೋಡಿದ್ರೆ ಹಳೇ ಮಾಲೀಕ ಸತ್ತೋದ ಅನ್ನೋ ಹಾಗಿದೆ," ಎಂದಳು ಮಾರ್ಸಿ.

"ನಿನ್ನ ನಾಲಗೆಗೆ ಎಣ್ಣೆ ಕಮ್ಮಿ ಮಾಡು. ಕೆಲಸ ನೋಡು."

"ಇದ್ರೆ ನೋಡ್ತೀನಿ."

ಸಂಜೆ ಮನೆಗೆ ಹೋದರೆ ವೆರೋನಿಕಾಳ ಮೇಜಿನ ಮೇಲೆ ಐದು ಗಂಟೆಗೇ ಬಡಿಸಿಟ್ಟ ಊಟ ಆರಿರುತ್ತಿತ್ತು: ಬೆಣ್ಣೆಯಲ್ಲಿ ಬಾಡಿಸಿದ ಎಲೆಕೋಸು, ಅದರೊಳಗೆ ಕೈಯಲ್ಲಿ ಕತ್ತರಿಸಿದ ಅಗಲ ನೂಡಲ್ಸ್.

"ನಾನು ಐದಕ್ಕೆ ಬಡಿಸ್ತೀನಿ. ನಿಮ್ಮಪ್ಪ ಗಣಿಯಿಂದ ಬರ್ತಿದ್ದಾಗ್ಲೂ ಐದಕ್ಕೇ," ಎನ್ನುತ್ತಿದ್ದಳು ಮುದುಕಿ.

"ಅಮ್ಮ, ಅಂಗಡಿ ಐದಕ್ಕೆ ಮುಚ್ಚಕ್ಕಾಗಲ್ಲ."

"ಯಾಕೆ, ಗಿರಾಕಿ ಅಷ್ಟೊಂದು ನೂಕಾಡ್ತಿದ್ದಾರಾ?"

ವಾಲ್ಟ್ ಚಮಚ ಕೆಳಗಿಟ್ಟು ಎದ್ದುಹೋಗುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಮುದುಕಿ ಅವನ ತಟ್ಟೆಯನ್ನು ಒಲೆಯ ಬಿಸಿ ಉಳಿದಿರುವ ಮೂಲೆಯಲ್ಲಿಟ್ಟು ಇನ್ನೊಂದು ತಟ್ಟೆ ಮುಚ್ಚುತ್ತಿದ್ದಳು. ಇರ್ಮಾ ಅದನ್ನು ನೋಡಿಯೂ ನೋಡದವಳಂತೆ ನೆಲಮಾಳಿಗೆಗೆ ಹೋಗಿ ಒಗೆದ ಏಪ್ರನ್ನುಗಳನ್ನು ಹಗ್ಗದ ಮೇಲೆ ಹರವುತ್ತಿದ್ದಳು.

ಜನವರಿಯಲ್ಲಿ ಚಳಿ ಕಲ್ಲೊಡೆಯುವಂತೆ ಬಿತ್ತು. ಒಂದು ಬೆಳಗ್ಗೆ ಬಾಗಿಲು ತೆಗೆದರೆ ಪೈಗಳ ಗಾಜಿನ ಕಪಾಟಿನ ಹಿಂದೆ ನೀರಿನ ಪೈಪು ಹೆಪ್ಪುಗಟ್ಟಿ ಒಡೆದು, ಸೋರಿದ ನೀರು ನೆಲದ ತುಂಬ ಮಂಜುಗಡ್ಡೆಯಾಗಿತ್ತು. ಎರಡು ದಿನ ಅಂಗಡಿ ಮುಚ್ಚಬೇಕಾಯಿತು. ಕೊಳಾಯಿಯವನು ಕೇಳಿದ ದುಡ್ಡು ಕೊಟ್ಟ ಮೇಲೆ ಇರ್ಮಾ ತನ್ನ ಚಳಿಗಾಲದ ಬೂಟಿನ ಆಸೆ ಬಿಟ್ಟಳು. ವಾಲ್ಟ್ ಅರಿಜೋನಾಕ್ಕೆ ಫೋನ್ ಮಾಡಿದ.

"ಕೊಳೆತ ಪೈಪ್ ತಲೆಗೆ ಕಟ್ಟಿದ್ಯಲ್ಲೋ ಹೆರಾಲ್ಡ್!"

ಆ ಕಡೆಯ ಕೆಮ್ಮು ಇರ್ಮಾಳಿಗೂ ಕೇಳಿಸಿತು. "ನನ್ನ ಕಾಲದಲ್ಲಿ ಒಂದ್ಸಲಾನೂ ಹೆಪ್ಪುಗಟ್ಟಿಲ್ಲ ಕಣೋ ಅದು. ದೇವರಾಣೆಗೂ."

ವಾಲ್ಟ್ ಫೋನ್ ಕುಕ್ಕಿದ. "ಸುಳ್ಳುಗಾರ. ಎಲ್ರೂ ಸುಳ್ಳುಗಾರರೇ."

ವಾಲ್ಟ್ ಒಳ್ಳೆಯವನೇ. ಮದುವೆಯಾದ ಹೊಸದರಲ್ಲಿ ಪಕ್ಕದ ಮನೆಯ ವಿಧವೆಯ ಕಲ್ಲಿದ್ದಲನ್ನು ಹೇಳದೆ ಕೇಳದೆ ಹೊತ್ತು ಹಾಕಿ ಬರುತ್ತಿದ್ದವನು. ಕಾರ್ಖಾನೆ ಮುಚ್ಚಿದ ಮೇಲೆ ಅವನೊಳಗೆ ಏನೋ ಬಿಗಿದುಕೊಂಡಿತ್ತು. ಬಾಗಿಲಿನ ಹಿಡಿಯನ್ನು ಎರಡೆರಡು ಸಲ ಎಳೆದು ನೋಡುವುದು, ಗಲ್ಲಾಪೆಟ್ಟಿಗೆಗೆ ಮಗಳು ಕೈ ಹಾಕಿದರೂ ತಿರುಗಿ ನೋಡುವುದು. ಈ ಡೈನರ್ ಗೆದ್ದರೆ ಅವನು ಮೊದಲಿನಂತಾಗುತ್ತಾನೆ ಎಂದು ಇರ್ಮಾ ಮನೆ ಮಾರುವ ಕಾಗದಕ್ಕೆ ಸಹಿ ಹಾಕಿದ್ದಳು.

ಪೈಪು ಒಡೆದ ವಾರವೇ ಮಾರ್ಸಿಯ ಜೊತೆ ಜಗಳ ಆಯಿತು. ಯಾರೋ ದಾರಿಹೋಕ ದಂಪತಿ ಬಂದು, ತಿಂದು, ಮಾತಿಲ್ಲದೆ ಹೋಗಿದ್ದರು.

"ಎರಡು ಮೊಟ್ಟೆ ಜೊತೆ ಒಂದು ನಗು ಕೊಡಕ್ಕಾಗಲ್ವಾ ನಿಂಗೆ?" ಎಂದ ವಾಲ್ಟ್ ಕಾವಲಿಯ ಕಡೆಯಿಂದ. "ನಿನ್ನ ಮುಖ ನೋಡೇ ಜನ ಓಡ್ತಾರೆ."

"ನಗೋದಕ್ಕೆ ಯಾರಿದ್ದಾರಪ್ಪ ಇಲ್ಲಿ? ಸ್ಟೂಲ್ ನೋಡ್ಕೊಂಡು ನಗ್ಲಾ?"

"ಅಪ್ಪನ ಅನ್ನ ತಿಂದ್ಕೊಂಡು ಅಪ್ಪಂಗೇ ಮಾತಾ?"

"ಅನ್ನ ಅಜ್ಜಿದು. ನಿಂದು ಬರೀ ಬೈಗುಳ."

ಮಾರ್ಸಿ ಏಪ್ರನ್ ಬಿಚ್ಚಿದಳು, ಮಡಿಸಿದಳು, ಅಮ್ಮನ ಕೈಗೆ ಕೊಟ್ಟಳು. ಮುಂದಿನ ವಾರದ ಹೊತ್ತಿಗೆ ಹೆದ್ದಾರಿಯ ತಿರುವಿನಲ್ಲಿ ಹೊಸದಾಗಿ ತೆರೆದಿದ್ದ ದೊಡ್ಡ ಕಂಪನಿಯ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿ, ಗೆಳತಿಯ ಕೋಣೆಗೆ ಹೋಗಿಬಿಟ್ಟಳು. ಮನೆಯಲ್ಲಿ ಮಲಗುವ ಜಾಗ ವಿಶಾಲವಾಯಿತು. ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

*

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಶುರುವಾಗುವ ಹಿಂದಿನ ಮಂಗಳವಾರ ವೆರೋನಿಕಾ ಆಲೂಗಡ್ಡೆ ಬೆರೆಸಿದ ಹಿಟ್ಟಿನಲ್ಲಿ ಡೋನಟ್ ಕರಿಯುತ್ತಾಳೆ. ಮನೆಯ ಕೊಬ್ಬು, ಸಕ್ಕರೆ ಅವತ್ತೇ ಮುಗಿಯಬೇಕು. ಮೊಮ್ಮಗಳಿಗೆ ಫೋನ್ ಮಾಡಿ, "ಬರ್ದಿದ್ರೆ ನಾನು ಸಾಯೋ ಮುಂಚಿನ ಕೊನೇ ಡೋನಟ್ ತಪ್ಪಿಸ್ಕೊಂಡೆ ಅಂತ ಅಳ್ಬೇಕಾಗತ್ತೆ," ಎಂದು ಹೆದರಿಸಿದ್ದಳು.

"ಹೋದ ವರ್ಷಾನೂ ಕೊನೇದೇ ಅಂದಿದ್ದೆ ಅಜ್ಜಿ," ಎನ್ನುತ್ತಲೇ ಮಾರ್ಸಿ ಬಂದಳು. ಅಪ್ಪನನ್ನು ನೋಡಿ ತಲೆಯಾಡಿಸಿದಳು. ವಾಲ್ಟ್ ಡೋನಟ್ಟಿನ ತಟ್ಟೆಯನ್ನು ಅವಳ ಕಡೆಗೆ ಸ್ವಲ್ಪ ತಳ್ಳಿದ. ಅಷ್ಟಕ್ಕೇ ಇರ್ಮಾಳ ಎದೆ ಹಗುರಾಯಿತು.

ಆಮೇಲೆ ಮಾರ್ಸಿ ಸಕ್ಕರೆ ಮೆತ್ತಿದ ಬೆರಳು ನೆಕ್ಕುತ್ತ, "ಹೆರಾಲ್ಡನ ಮುದುಕರೆಲ್ಲ ಈಗ ನಮ್ಮಲ್ಲಿಗೇ ಬರ್ತಾರೆ, ಗೊತ್ತಾ?" ಎಂದಳು.

"ಯಾವ ಮುದುಕರು?" ವಾಲ್ಟ್ ತಲೆ ಎತ್ತಿದ.

"ಹಾಲಿನ ಲಾರಿ ಓಡಿಸ್ತಿದ್ದ ಆರ್ವಿಲ್ ಕ್ರೈಟ್ಜ್, ನಿನ್ನ ಕಾರ್ಖಾನೆಯ ಸ್ಟುಷ್, ಇನ್ನಿಬ್ರು. ನಮ್ಮ ಬಾಗಿಲು ತೆಗೆಯೋ ಮುಂಚೆನೇ ಕಾರಲ್ಲಿ ಕೂತು ಕಾಯ್ತಿರ್ತಾರೆ. ಪೇಪರ್ ಲೋಟದಲ್ಲಿ ಕುಡೀತಾರೆ. ಪಾಪ, ಮಾತೇ ಆಡಲ್ಲ. ಸಾವಿನ ಮನೇಲಿ ಕೂತ ಹಾಗೆ ಕೂತಿರ್ತಾರೆ."

ವಾಲ್ಟನ ಮುಖ ನಿಧಾನವಾಗಿ ಕೆಂಪಗಾಯಿತು. "ಅಂದ್ರೆ ನೀನೇ ಕರ್ಕೊಂಡು ಹೋದೆ."

"ನಾನಾ?"

"ನನ್ನ ಗಿರಾಕಿಗಳನ್ನ ನನ್ನ ಮಗಳೇ ಎಳ್ಕೊಂಡು ಹೋಗಿ ಬೇರೆಯವನ ಮುಂದೆ ಕೂರ್ಸಿದ್ದೀಯ!"

"ಅಪ್ಪ, ನಾನು ಸೇರೋ ಮುಂಚಿನಿಂದ್ಲೂ ಬರ್ತಿದ್ದಾರೆ ಅವರು!"

"ವಾಲ್ಟ್, ಸಾಕು," ಎಂದಳು ಇರ್ಮಾ.

"ನೀನೂ ಅವಳ ಕಡೆನೇ."

ಮಾರ್ಸಿ ಅರ್ಧ ತಿಂದ ಡೋನಟ್ಟನ್ನು ತಟ್ಟೆಯಲ್ಲಿಟ್ಟು ಕೋಟು ಹಾಕಿಕೊಂಡಳು. ಬಾಗಿಲು ಹೊಡೆದುಕೊಂಡಿತು. ವೆರೋನಿಕಾ ಆರು ಡೋನಟ್ಟುಗಳನ್ನು ಮೇಣದ ಕಾಗದದಲ್ಲಿ ಸುತ್ತಿ, ಮನೆಯ ಚಪ್ಪಲಿಯಲ್ಲೇ ಹಿಮದ ಮೇಲೆ ನಡೆದು, ಕಾರಿನ ಗಾಜು ತಟ್ಟಿ ಒಳಗೆ ತುರುಕಿ ಬಂದಳು. ಕಾಲು ಒದ್ದೆಯಾಗಿತ್ತು. ಇರ್ಮಾ ಬಿಸಿನೀರಿನ ಬಟ್ಟೆ ತಂದು ಅತ್ತೆಯ ಪಾದ ಒರೆಸಿದಳು.

"ಆರ್ವಿಲ್ ಬೇರೆ ಕಡೆ ಕಾಫಿ ಕುಡಿಯೋವ್ನಲ್ಲ," ಎಂದಳು ಮುದುಕಿ, ತನ್ನಷ್ಟಕ್ಕೆ ಹೇಳಿಕೊಂಡಂತೆ. "ಏನೋ ಆಗಿದೆ."

*

ಮಾಂಸ ಮುಟ್ಟಬಾರದ ಉಪವಾಸದ ಶುಕ್ರವಾರಗಳಲ್ಲಿ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಊರಿಗೆಲ್ಲ ಮೀನಿನೂಟ. ಬೇಯಿಸುವವರು, ಬಡಿಸುವವರು ಎಲ್ಲ ಊರಿನವರೇ. ಇರ್ಮಾ ಪ್ರತಿ ವರ್ಷದಂತೆ ಪಾತ್ರೆ ತೊಳೆಯುವ ಪಾಳಿ ಹಿಡಿದಿದ್ದಳು. ಜನ ಕರಗಿದ ಮೇಲೆ ಆರ್ವಿಲ್ ಕ್ರೈಟ್ಜ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಎತ್ತರದ ಆಳು, ತೊಟ್ಟಿದ್ದು ಇಸ್ತ್ರಿ ಮಾಡಿದ ಅಂಗಿ, ಟೋಪಿ ಕೈಯಲ್ಲಿ.

"ಇರ್ಮಾ, ಒಂದು ನಿಮಿಷ. ಇದು ನಿಮ್ಮದು. ಕೊಡ್ಬೇಕು ಕೊಡ್ಬೇಕು ಅಂತ ಜೇಬಲ್ಲಿಟ್ಕೊಂಡು ಓಡಾಡ್ತಿದ್ದೆ."

ಕಾಗದದ ಕರವಸ್ತ್ರದಲ್ಲಿ ಸುತ್ತಿದ ಒಂದು ಬೀಗದ ಕೈ. ಅಂಚು ಸವೆದಿತ್ತು, ಆದರೆ ಉಜ್ಜಿ ಹೊಳೆಯುವಂತೆ ಮಾಡಿದ್ದ.

"ಯಾವುದರದ್ದು ಇದು?"

"ಡೈನರ್ದು." ಆರ್ವಿಲ್ ಅವಳ ಮುಖ ನೋಡಲಿಲ್ಲ. "ಈಗ ಅದು ಹಿಡಿಯಲ್ಲ. ಆದ್ರೂ ಬೇರೆಯವರ ವಸ್ತು, ಇಟ್ಕೊಳ್ಳೋದು ಸರಿಯಲ್ಲ."

ಇರ್ಮಾ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. "ನಿಮ್ಮ ಹತ್ರ ಯಾಕಿತ್ತು?"

ಅವನಿಗೆ ಆಶ್ಚರ್ಯವಾಯಿತು. "ಹೆರಾಲ್ಡ್ ಹೇಳಿಲ್ವಾ?"

"ಏನನ್ನ?"

"ನಮ್ಮ ನಾಲ್ಕು ಜನಕ್ಕೂ ಬೀಗದ ಕೈ ಕೊಟ್ಟಿದ್ದ. ನಮಗೆಲ್ಲ ಬೇಗ ಎಚ್ಚರ ಆಗ್ಬಿಡತ್ತಲ್ಲ. ಯಾರು ಮೊದ್ಲು ಬರ್ತಾರೋ ಅವರು ಬಾಗಿಲು ತೆಗ್ದು, ದೀಪ ಹಾಕಿ, ಕಾಫಿಗಿಡೋದು. ಕುಡಿದಿದ್ದರ ದುಡ್ಡು ಗಲ್ಲಾದ ಪಕ್ಕ ಸಿಗಾರಿನ ಡಬ್ಬೀಲಿ. ಹೆರಾಲ್ಡ್ ಬರೋ ಹೊತ್ಗೆ ಒಳಗೆಲ್ಲ ಬೆಚ್ಚಗಿರ್ತಿತ್ತು. ಚಳಿಗಾಲದಲ್ಲಿ ಪೈ ಕಪಾಟಿನ ಹಿಂದಿನ ಪೈಪಿಗೆ ಮೊದ್ಲು ಬಿಸಿನೀರು ಬಿಟ್ಬಿಡ್ತಿದ್ವಿ. ಅದು ಬೇಗ ಹೆಪ್ಪುಗಟ್ಟತ್ತೆ. ನೋಡ್ಕೊಳ್ಳಿ."

"ಅದು ಜನವರೀಲಿ ಒಡೀತು," ಎಂದಳು ಇರ್ಮಾ ಮೆಲ್ಲಗೆ.

"ಅಯ್ಯೋ," ಎಂದ ಆರ್ವಿಲ್. ನಿಜವಾಗಿಯೂ ನೊಂದುಕೊಂಡ. ತನ್ನ ಮನೆಯ ಪೈಪೇ ಒಡೆದಂತೆ.

"ನಮಗೆ ಗೊತ್ತೇ ಇರ್ಲಿಲ್ಲ ಆರ್ವಿಲ್. ಆ ಮೊದಲ್ನೇ ದಿನ ಬಂದು ಹೋದೋರು ನೀವೇನಾ? ಬಂದು ಕೇಳಿದ್ರೆ ಆಗ್ತಿತ್ತಲ್ಲ?"

"ಏನಂತ ಕೇಳೋದು? ಬೀಗ ಬದ್ಲಾಯ್ಸಿದ್ದಾರೆ ಅಂದ್ರೆ ಅರ್ಥ ಆಗಲ್ವಾ?" ಅವನು ಟೋಪಿಯ ಅಂಚು ತಿರುಗಿಸಿದ. "ಸ್ಟುಷ್ ಅವತ್ತು ಆ ಬೀಗದ ಕೈ ತಿರುಗಿಸ್ತಾನೇ ಇದ್ದ. ನಾನೇ ಕೊನೆಗೆ, ಬಿಡೋ, ನಡಿ ಅಂದೆ. ತಪ್ಪು ತಿಳೀಬೇಡಿ. ಅಂಗಡಿ ನಿಮ್ಮದು."

ಹೋಗುವಾಗ ಅವನು, ಅವಳ ಕಾಲ ಬಳಿಯಿದ್ದ ಭಾರದ ಎಣ್ಣೆಯ ಪಾತ್ರೆಯನ್ನು ಎತ್ತಿ ಮೇಲಿನ ಹಲಗೆಯ ಮೇಲಿಟ್ಟು ಹೋದ.

*

ಮನೆಯಲ್ಲಿ ವಾಲ್ಟ್ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ಕೂತಿದ್ದ. ವೆರೋನಿಕಾ ಹಿಟ್ಟಿನ ಕಡುಬುಗಳಿಗೆ ಆಲೂಗಡ್ಡೆ ತುಂಬಿ ಅಂಚು ಒತ್ತುತ್ತಿದ್ದಳು. ಇರ್ಮಾ ಕೋಟು ಬಿಚ್ಚದೆಯೇ ಆ ಕೀಲಿಯನ್ನು ಮೇಜಿನ ಮೇಲಿಟ್ಟು, ಕೇಳಿದ್ದನ್ನೆಲ್ಲ ಹೇಳಿದಳು.

ವಾಲ್ಟ್ ಅದನ್ನು ಮುಟ್ಟಲಿಲ್ಲ. "ನಾಲ್ಕು ಜನರ ಹತ್ರ ನನ್ನ ಅಂಗಡಿಯ ಬೀಗದ ಕೈ! ಹೆರಾಲ್ಡ್‌ಗೆ ತಲೆ ಕೆಟ್ಟಿತ್ತು. ನಾಳೆ ಏನಾದ್ರೂ ಕಳುವಾದ್ರೆ?"

"ಮೂವತ್ತು ವರ್ಷದಲ್ಲಿ ಏನು ಕಳುವಾಯ್ತು?"

"ಹೆರಾಲ್ಡ್‌ಗೆ ಏನೂ ಇರ್ಲಿಲ್ಲ ಕಳ್ಕೊಳ್ಳಕ್ಕೆ. ನಾನು ಮನೆ ಮಾರಿದ್ದೀನಿ."

"ನಾವು ಮಾರಿದ್ದೀವಿ," ಎಂದಳು ಇರ್ಮಾ. ಅವಳ ಧ್ವನಿ ಅವಳಿಗೇ ಹೊಸದಾಗಿ ಕೇಳಿಸಿತು. "ನಾನು ಪರದೆ ಹೊಲ್ಕೊಂಡಿದ್ದ ಮನೆ ಅದು. ಇವತ್ತಿನವರೆಗೆ ನಾನು ಒಂದು ಮಾತು ಆಡಿಲ್ಲ. ನೀನು ಕಾಫಿಪುಡಿ ಸರಿಯಿಲ್ಲ ಅಂದೆ, ಹೆರಾಲ್ಡ್ ಸುಳ್ಳುಗಾರ ಅಂದೆ, ಮಗಳ ಮುಖ ಸರಿಯಿಲ್ಲ ಅಂದೆ, ಅವಳನ್ನ ಮನೆ ಬಿಡ್ಸಿದೆ. ಗಿರಾಕಿಗಳಿಗೆ ಬಾಗಿಲು ಮುಚ್ಚಿದ್ದು ನಿನ್ನ ಬೀಗ ವಾಲ್ಟ್."

"ನನ್ನ ಬಾಗಿಲಿಗೆ ನಾನು ಬೀಗ ಹಾಕೋದು ತಪ್ಪಾ? ಹೇಳು, ಯಾವ ಊರಲ್ಲಿ ತಪ್ಪು?"

ವೆರೋನಿಕಾ ಕಡುಬಿನ ಅಂಚು ಒತ್ತುವುದನ್ನು ನಿಲ್ಲಿಸಲಿಲ್ಲ. "ಕಾರ್ಖಾನೆಯವರೂ ಅವರ ಗೇಟಿಗೇ ಹಾಕಿದ್ದು," ಎಂದಳು.

"ಅಮ್ಮ, ಅದನ್ಯಾಕೆ ಎಳೀತೀಯ?"

"ಅವತ್ತು ನೀನು ನಿನ್ನ ಮನೆಗೆ ಹೋಗ್ಲಿಲ್ಲ. ಹೆಂಡತಿಗೆ ಹೆಂಗೆ ಹೇಳ್ಲಿ ಅಂತ ಇಲ್ಲಿಗೆ ಬಂದೆ. ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಇತ್ತು. ನಾನೇ ತೆಗ್ದು ತೊಳ್ದೆ. ಗೇಟಿಗೆ ಹೊಸ ಸರಪಣಿ, ಹೊಸ ಬೀಗ ಅಂದೆ ನೀನು. ಆಮೇಲೆ ಇದೇ ಕುರ್ಚೀಲಿ ಕೂತು, 'ಬಾಯಲ್ಲಿ ಹೇಳಿದ್ರೆ ಸಾಕಿತ್ತಮ್ಮ, ಹೇಳಿದ್ರೆ ಸಾಕಿತ್ತು' ಅಂದೆ. ಎಷ್ಟು ಸಲ ಅಂದೆ ಅಂದ್ರೆ, ನಂಗೆ ನಿನ್ನ ಬಾಯಿ ಮುಚ್ಚಿಸ್ಬೇಕು ಅನ್ನಿಸ್ತು."

ಅವಳು ಕಡುಬುಗಳನ್ನು ಒಲೆಯ ಮೇಲೆ ಕುದಿಯುತ್ತಿದ್ದ ನೀರಿಗೆ ಒಂದೊಂದಾಗಿ ಬಿಟ್ಟಳು.

"ಸ್ಟುಷ್ ಅವತ್ತೂ ನನ್ನ ಪಕ್ಕದಲ್ಲೇ ಇದ್ದ, ಗೇಟಿನ ಹತ್ರ," ಎಂದ ವಾಲ್ಟ್ ಕೊನೆಗೆ. ಯಾರಿಗೆ ಹೇಳಿದನೋ ತಿಳಿಯಲಿಲ್ಲ. ಎದ್ದು ನೆಲಮಾಳಿಗೆಗೆ ಇಳಿದ. ಸಲಕರಣೆಯ ಡಬ್ಬಿಯನ್ನು ನೆಲದ ಮೇಲೆ ಬೋರಲು ಹಾಕಿದ ಸದ್ದು ಕೇಳಿಸಿತು.

ಮರುದಿನ ಇರ್ಮಾ ಮತ್ತೆ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಳು. ಹೊಸ ಕೀಲಿಗಳನ್ನು ಮಾಡಿಸಿ ನಾಲ್ವರಿಗೂ ಕೊಡೋಣ ಎಂದು ಅವಳು ಹೇಳಿದ್ದಳು. ವಾಲ್ಟ್ ಒಪ್ಪಿರಲಿಲ್ಲ. "ಹೊಸದು ಕೊಟ್ರೆ ನಾನು ದಾನ ಕೊಟ್ಟ ಹಾಗಾಗತ್ತೆ. ಅವರ ಜೇಬಲ್ಲಿರೋದೇ ಹಿಡೀಬೇಕು," ಎಂದು ಹಳೆಯ ಬೀಗಕ್ಕೆ ಎಣ್ಣೆ ಬಿಟ್ಟು, ಉಸಿರು ಹಿಡಿದುಕೊಂಡು ತಿರುಗಿಸಿದ. ಅದು ಬೆಣ್ಣೆಯ ಹಾಗೆ ತಿರುಗಿತು. ಆಮೇಲೆ ಏಣಿ ತಂದು ಸೂರಿನ ಮೇಲಿನ ಫಲಕವನ್ನೂ ಬಿಚ್ಚಿದ.

*

ಹೆದ್ದಾರಿಯ ಹೋಟೆಲಿಗೆ ಸೋಮವಾರ ಬೆಳಗ್ಗೆ ಇಬ್ಬರೂ ಹೋದರು. ವಾಲ್ಟ್ ಭಾನುವಾರದ ಕೋಟು ಹಾಕಿಕೊಂಡಿದ್ದ. ಒಳಗೆ ಎಲ್ಲವೂ ಕಿತ್ತಳೆ ಬಣ್ಣ, ಕಣ್ಣು ಕುಕ್ಕುವ ಬೆಳಕು. ನಾಲ್ವರು ಮುದುಕರು ಸಾಲಾಗಿ ಕೂತಿದ್ದರು. ಎದುರಿಗೆ ಕಂಪನಿಯ ಟೋಪಿ ಹಾಕಿಕೊಂಡ ಮಾರ್ಸಿ. ಅಪ್ಪನನ್ನು ಕಂಡು ಅವಳ ಕೈಯ ಕಾಫಿಪಾತ್ರೆ ಅರ್ಧಕ್ಕೆ ನಿಂತಿತು.

ವಾಲ್ಟ್ ಸ್ಟುಷನ ಪಕ್ಕದ ಸ್ಟೂಲಿನಲ್ಲಿ ಕೂತ. ಇರ್ಮಾ ಹಿಂದಿನ ಬೆಂಚಿನಲ್ಲಿ ಕೂತಳು.

"ಒಂದು ಕಾಫಿ," ಎಂದ ವಾಲ್ಟ್ ಮಗಳಿಗೆ. ಒಂದು ಕ್ಷಣ ಬಿಟ್ಟು, "ಸಾಧ್ಯ ಆದ್ರೆ," ಎಂದ.

ಮಾರ್ಸಿ ಪೇಪರ್ ಲೋಟಕ್ಕೆ ಕಾಫಿ ಸುರಿದಳು. ಕೇಳದೆಯೇ ಎರಡು ಸಕ್ಕರೆ ಹಾಕಿ ಕಲಕಿ ಕೊಟ್ಟಳು.

ವಾಲ್ಟ್ ಒಂದು ಗುಟುಕು ಕುಡಿದ. ಕೀಲಿಯನ್ನು ಜೇಬಿನಿಂದ ತೆಗೆದು ಆರ್ವಿಲ್ ಮುಂದೆ ಸರಿಸಿದ. "ಹಳೇ ಬೀಗಾನೇ ಮತ್ತೆ ಹಾಕಿದ್ದೀನಿ," ಎಂದ. ಮನೆಯಿಂದ ಬರುವಾಗ ಕಾರಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದ ಮಿಕ್ಕ ಮಾತುಗಳು ಬಾಯಿಗೆ ಬರಲಿಲ್ಲ. "ನಂಗೆ ಗೊತ್ತಿರ್ಲಿಲ್ಲ."

ಆರ್ವಿಲ್ ಕೀಲಿಯನ್ನು ನೋಡಿದ, ತೆಗೆದುಕೊಳ್ಳಲಿಲ್ಲ. "ಏನು ತೊಂದ್ರೆ ಇಲ್ಲ ವಾಲ್ಟ್. ನಮಗೆ ಇಲ್ಲೂ ಅಭ್ಯಾಸ ಆಗ್ಬಿಟ್ಟಿದೆ."

ಸ್ಟುಷ್ ತನ್ನ ಲೋಟದೊಳಗೇ ನೋಡುತ್ತಿದ್ದ. "ಗೇಟಿನ ಹತ್ರ ಒಟ್ಟಿಗೆ ನಿಂತಿದ್ದೋರು ಕಣೋ ನಾವು," ಎಂದ.

"ಹೌದು," ಎಂದ ವಾಲ್ಟ್.

ಕಾಫಿ ಮುಗಿಸಿ ಎದ್ದು ಬರುವಾಗ ಇರ್ಮಾ ತಿರುಗಿ ನೋಡಿದಳು. ಮಾರ್ಸಿ ಕಟ್ಟೆ ಒರೆಸುತ್ತಿದ್ದಳು. ಅಲ್ಲೇ ಬಿದ್ದಿದ್ದ ಆ ಕೀಲಿಯನ್ನು ಸರಿಸದೆ, ಅದರ ಸುತ್ತಲೂ ಬಟ್ಟೆ ಆಡಿಸುತ್ತಿದ್ದಳು.

ಮರುದಿನ ಬೆಳಗ್ಗೆ ಕತ್ತಲಲ್ಲಿ ಡೈನರಿಗೆ ಹೋಗುವಾಗ ವಾಲ್ಟ್ ಅದು ಕಾಣುವ ತಿರುವಿನಲ್ಲಿ ಕಾರು ನಿಧಾನ ಮಾಡಿದ. ಡೈನರಿನ ಕಿಟಕಿಗಳು ಕತ್ತಲು. ಅದರ ಮರುದಿನವೂ ಕತ್ತಲು. ಆ ವಾರವೆಲ್ಲ ಕತ್ತಲು, ಆಮೇಲಿನ ವಾರವೂ. ವಾಲ್ಟ್ ಬಾಗಿಲು ತೆಗೆದು, ಮೊದಲು ಪೈ ಕಪಾಟಿನ ಹಿಂದಿನ ಪೈಪಿಗೆ ಬಿಸಿನೀರು ಬಿಟ್ಟು, ಆಮೇಲೆ ಕಾಫಿಗಿಡುತ್ತಿದ್ದ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಖಾಲಿ ಸಿಗಾರಿನ ಡಬ್ಬಿ ಕಾಣಿಸಿಕೊಂಡಿತ್ತು. ಎಲ್ಲಿಂದ ತಂದೆ ಎಂದು ಇರ್ಮಾ ಕೇಳಲಿಲ್ಲ. ದಿನಾ ಅದರ ಧೂಳು ಒರೆಸಿಡುತ್ತಿದ್ದಳು.

ಸಂಜೆ ಐದಕ್ಕೆ ಅಂಗಡಿಯ ಬಾಗಿಲು ಹಾಕಿ ಮನೆಗೆ ಹೋಗುವುದು ಶುರುವಾಗಿತ್ತು. ಹೇಗೂ ಆ ಹೊತ್ತಿಗೆ ಯಾರೂ ಇರುತ್ತಿರಲಿಲ್ಲ. ವೆರೋನಿಕಾ ಬಿಸಿಯಾಗಿ ಬಡಿಸುತ್ತಿದ್ದಳು. ಒಂದು ದಿನ ವಾಲ್ಟ್ ತಟ್ಟೆ ನೋಡುತ್ತಲೇ, "ಈಸ್ಟರ್ ಆದ್ಮೇಲೂ ಹೀಗೇ ಇದ್ರೆ ಮಾರೋದೇ ಸರಿ," ಎಂದ.

"ಮಾರಿ?" ಎಂದಳು ಇರ್ಮಾ.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ಯಲ್ಲ, ಅದೇ ಮೊದಲ್ನೇ ಸಲ," ಎಂದಳು ವೆರೋನಿಕಾ. "ತಿನ್ನು. ಆರತ್ತೆ."

ಈಸ್ಟರಿಗೆ ಇನ್ನೂ ಸ್ವಲ್ಪ ದಿನವಿತ್ತು. ಆ ಬೆಳಗ್ಗೆ ಸಣ್ಣಗೆ ಹಿಮ ಉದುರುತ್ತಿತ್ತು. ಇರ್ಮಾ ಮಡಿಲಲ್ಲಿ ಎರಡು ಪೈಗಳನ್ನಿಟ್ಟುಕೊಂಡು ಕೂತಿದ್ದಳು. ತಿರುವು ಬಂತು, ವಾಲ್ಟ್ ಬ್ರೇಕ್ ಒತ್ತಿದ.

ಡೈನರಿನ ಕಿಟಕಿಗಳಲ್ಲಿ ಬೆಳಕಿತ್ತು.

ಅಂಗಳದಲ್ಲಿ ಎರಡು ಕಾರು. ನಾಲ್ಕಲ್ಲ, ಎರಡು. ಮಗಳ ಸಣ್ಣ ನೀಲಿ ಕಾರಿಗಾಗಿ ಇರ್ಮಾಳ ಕಣ್ಣು ಹುಡುಕಿತು. ಅದಿರಲಿಲ್ಲ. ಗಾಜಿಗೆಲ್ಲ ಒಳಗಿನ ಬಿಸಿಯ ಮಬ್ಬು ಕಟ್ಟಿತ್ತು. ಅದರ ಹಿಂದೆ ಕಟ್ಟೆಯ ಹತ್ತಿರ ಒಂದು ಎತ್ತರದ ಆಕಾರ, ಪಕ್ಕದಲ್ಲಿ ಒಂದು ಕುಳ್ಳು ಆಕಾರ. ಹಾಗಾದರೆ ಮಾರ್ಸಿ ಆ ಕೀಲಿಯನ್ನು ಎತ್ತಿಟ್ಟು, ಹೇಗೋ ಆರ್ವಿಲ್ ಜೇಬಿಗೆ ಸೇರಿಸಿರಬೇಕು ಎಂದುಕೊಂಡಳು ಇರ್ಮಾ. ಸಂಜೆ ಫೋನ್ ಮಾಡಿ ಕೇಳಬೇಕು. ಕೇಳದಿದ್ದರೂ ಫೋನ್ ಮಾಡಬೇಕು.

ವಾಲ್ಟ್ ಅಂಗಳದ ಅಂಚಿನಲ್ಲೇ ಕಾರು ನಿಲ್ಲಿಸಿ ಎಂಜಿನ್ ಆರಿಸಿದ.

"ಇಳಿಯಲ್ವಾ?"

"ಸ್ವಲ್ಪ ಹೊತ್ತು ಇರ್ಲಿ. ಈಗ ತಾನೇ ಕೂತಿದ್ದಾರೆ. ನಾವು ಹೋದ್ರೆ ಮಾತು ನಿಲ್ಲಿಸ್ತಾರೆ."

ಎಂಜಿನ್ ಆರಿದ ಕಾರು ಬೇಗ ತಣ್ಣಗಾಯಿತು. ವಾಲ್ಟ್ ತನ್ನ ಕೈಗವಸು ಬಿಚ್ಚಿ ಅವಳ ಮಡಿಲಿಗೆ ಹಾಕಿದ. ಅವಳು ಒಂದನ್ನು ಹಾಕಿಕೊಂಡು ಒಂದನ್ನು ಅವನಿಗೆ ವಾಪಸು ಕೊಟ್ಟಳು. ತಮ್ಮದೇ ಅಂಗಡಿಯ ಮುಂದೆ ಇಬ್ಬರೂ ಒಂದೊಂದು ಕೈಗವಸು ಹಾಕಿಕೊಂಡು ಕೂತರು. ಮುಂದಿನ ಗಾಜಿನ ಮೇಲೆ ಹಿಮ ತೆಳ್ಳಗೆ ಕೂರುತ್ತಿತ್ತು.

ಒಳಗೆ ಯಾರೋ ಗಾಜಿನ ಮಬ್ಬನ್ನು ಅಂಗೈಯಲ್ಲಿ ಒರೆಸಿ ಹೊರಗೆ ಇಣುಕಿದರು. ಬಾಗಿಲು ತೆರೆಯಿತು. ಸ್ಟುಷ್ ಬೆಳಕಿನ ನಡುವೆ ನಿಂತು, ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಕೂಗಿದ:

"ಏನೋ ವಾಲ್ಟ್, ಬೀಗದ ಕೈ ಮರ್ತು ಬಂದ್ಯೇನೋ?"